ಟ್ಯಾಂಕಿನ ನೆಲ ಅಳೆದು ಸಿಕ್ಲಿಡ್ ತನ್ನಿ

ಎರಡನೇ ಸುತ್ತಿನ ಮದ್ದು ಬಿಟ್ಟಾಯ್ತು. ಮಳೆ ಬಿಡುವು ಕೊಟ್ಟ ಎರಡು ದಿನದಲ್ಲಿ ಹೇಗೋ ತೋಟ ಮುಗಿಸಿದೆವು. ಹಾಗಾಗಿ ಇವತ್ತು ಅಡಿಕೆ, ಗದ್ದೆ ಯಾವುದೂ ಇಲ್ಲ. ಮೀನಿನ ವಿಷಯ ಬರೀತೇನೆ. ಹೊಳೆ ಮೀನಲ್ಲ, ಚಾವಡಿಯಲ್ಲಿ ಗಾಜಿನ ಟ್ಯಾಂಕಲ್ಲಿ ಇಡ್ತಾರಲ್ಲ, ಆ ಮೀನು.

ಕೃಷಿ ಪೇಜಲ್ಲಿ ಇದೆಂತ ಮಾರಾಯ್ರೆ ಅಂತ ಕೇಳಬೇಡಿ. ನಮ್ಮ ಆಚೀಚೆ ಮನೆಗಳಲ್ಲೇ ಈಗ ಐದಾರು ಟ್ಯಾಂಕ್ ಉಂಟು. ಮಕ್ಕಳಿಗೆ ಮೊಬೈಲಿಂದ ಕಣ್ಣು ತೆಗೆಸ್ಲಿಕ್ಕೆ ಅಂತ ತಂದದ್ದು, ಒಳ್ಳೆಯದೇ. ಆದ್ರೆ ಒಂದು ವರ್ಷದೊಳಗೆ ಎರಡು ಮನೆಯವರು ನನ್ನ ಹತ್ರ ಒಂದೇ ಪ್ರಶ್ನೆ ಕೇಳಿದ್ರು: "ಈ ಮೀನು ಬೇಡ ಆಯ್ತು, ತೋಡಿಗೆ ಬಿಟ್ರೆ ಆಗ್ತದಾ?" ಮೂರನೆಯವನು ನನ್ನ ತಂಗಿಯ ಮಗ. ಅವನ ಕಥೆಯಿಂದಲೇ ಶುರು ಮಾಡ್ತೇನೆ, ಯಾಕೆಂದ್ರೆ ಅದರಲ್ಲಿ ಅರ್ಧ ತಪ್ಪು ನನ್ನದು.

ಹುಡುಗ ಎಂಟನೇ ಕ್ಲಾಸು. ಹೋದ ವರ್ಷ ಹುಟ್ಟಿದ ದಿನಕ್ಕೆ "ಮಾವ, ಅಕ್ವೇರಿಯಂ" ಅಂತ ಹಟ ಹಿಡಿದ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಕೊಡಿಸಿದೆ. ಸಂತೆಕಟ್ಟೆ ಅಂಡರ್‌ಪಾಸ್ ಹತ್ರದ ಧೂಳಲ್ಲಿ, ಗುಂಡಿಯಲ್ಲಿ, ಅದನ್ನು ಒಡೆಯದೆ ರಿಕ್ಷಾದಲ್ಲಿ ಮನೆಗೆ ತಂದದ್ದೇ ಒಂದು ಸಾಹಸ. ಅಂಗಡಿಯಲ್ಲಿ ಅವನಿಗೆ ಕಂಡ ಚಂದದ ಮೀನನ್ನೆಲ್ಲ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿಸಿದ. ಒಂದು ಆಸ್ಕರ್, ಎರಡು ಹಳದಿ ಆಫ್ರಿಕನ್ ಸಿಕ್ಲಿಡ್, ಪಟ್ಟೆ ಇರುವ ಕಾನ್ವಿಕ್ಟ್ ಜೋಡಿ, ಒಂದು ಏಂಜಲ್. ಎಲ್ಲ ಎರಡು ಬೆರಳು ಉದ್ದದ ಮರಿಗಳು. "ಸಣ್ಣದರಿಂದ ಒಟ್ಟಿಗೆ ಬೆಳೆದ್ರೆ ಹೊಂದಿಕೊಳ್ತಾವೆ" ಅಂದ್ರು. ನಾನೂ ತಲೆ ಅಲ್ಲಾಡಿಸಿದೆ.

ಕೋಳಿ ಸಾಕಿದ ನನಗೆ ಅಷ್ಟು ಗೊತ್ತಿರಬೇಕಿತ್ತು. ಒಂದೇ ಹೇಂಟೆಯ ಮರಿಗಳು, ಒಂದೇ ಗೂಡಲ್ಲಿ ಮಲಗಿದವು, ಜುಟ್ಟು ಕೆಂಪಾಗುವ ತನಕ ಅಣ್ಣ-ತಮ್ಮ. ಆಮೇಲೆ ಎರಡು ಹುಂಜ ಒಂದು ಅಂಗಳದಲ್ಲಿ ನಿಲ್ತಾವಾ? ಸಿಕ್ಲಿಡ್ ಕೂಡ ಹಾಗೆಯೇ. ಮರಿಯಲ್ಲಿ ಸಾಧು. ಪ್ರಾಯಕ್ಕೆ ಬಂದ ದಿನ ಜಾಗ ಹಿಡಿಯಲಿಕ್ಕೆ ಶುರು.

ಆದದ್ದೂ ಅದೇ. ನಾಲ್ಕನೇ ತಿಂಗಳಲ್ಲಿ ಕಾನ್ವಿಕ್ಟ್ ಜೋಡಿ ಮೂಲೆಯ ಕಲ್ಲಿನ ಹತ್ರ ಮೊಟ್ಟೆ ಇಟ್ಟಿತು. ಅಲ್ಲಿಂದ ಮುಂದೆ ಟ್ಯಾಂಕಿನ ಮುಕ್ಕಾಲು ಭಾಗ ಅವುಗಳದ್ದು. ಏಂಜಲಿನ ರೆಕ್ಕೆ ಚಿಂದಿ ಆಗಿ ಮೂರು ದಿನದಲ್ಲಿ ಸತ್ತಿತು. ಹಳದಿ ಎರಡು ಫಿಲ್ಟರಿನ ಹಿಂದೆ ಅಡಗಿ ಅಡಗಿ, ತಿನ್ನದೆ ಹೋದವು. ಇಷ್ಟರಲ್ಲಿ ಆಸ್ಕರ್ ಕೈಯಷ್ಟು ಉದ್ದ ಆಗಿತ್ತು, ಅದು ಕಾನ್ವಿಕ್ಟ್ ಮರಿಗಳನ್ನು ಮುಗಿಸಿತು, ಆಮೇಲೆ ತಂದೆ-ತಾಯಿಯನ್ನೂ ಒಂದೊಂದಾಗಿ. ಕೊನೆಗೆ ಎರಡಡಿ ಟ್ಯಾಂಕಲ್ಲಿ ಒಂದು ಆಸ್ಕರ್ ಮಾತ್ರ, ತಿರುಗ್ಲಿಕ್ಕೂ ಜಾಗ ಇಲ್ಲದೆ, ಗಾಜಿಗೆ ಮೂತಿ ಒತ್ತಿಕೊಂಡು. ಹುಡುಗ ಅದರ ಮುಖ ನೋಡ್ಲಿಕ್ಕೇ ತಯಾರಿಲ್ಲ. "ಮಾವ, ಇದನ್ನು ಹೊಳೆಗೆ ಬಿಟ್ಟು ಬರುವ" ಅಂದ.

ಬಿಡ್ಲಿಲ್ಲ. ಅದಕ್ಕೆ ಆಮೇಲೆ ಬರ್ತೇನೆ.

ಇದರ ನಂತರ ನಾನು ಸುಮಾರು ಓದಿದೆ, ಕೇಳಿದೆ, ಸಾಕುವವರ ಮನೆಗೆ ಹೋಗಿ ನೋಡಿದೆ. ನನ್ನ ಅಭಿಪ್ರಾಯ ಒಂದು ಸಾಲಲ್ಲಿ: ಸಿಕ್ಲಿಡ್ ತರುವವರು ಮೊದಲು ಅಳೆಯಬೇಕಾದ್ದು ಟ್ಯಾಂಕಿನ ನೆಲ. ಎಷ್ಟು ಲೀಟರ್ ನೀರು ಹಿಡಿತದೆ ಅಂತ ನೋಡಿ ಮೀನು ತರುವುದು, ತೋಟದ ಸರ್ವೆ ನಂಬರ್ ನೋಡಿ ಗಿಡ ತಂದ ಹಾಗೆ. ಅಡಿಕೆಗೆ ಒಂಬತ್ತಡಿ ಅಂತರ ಕೊಡ್ತೇವೆ, ತೆಂಗಿಗೆ ಇಪ್ಪತ್ತೈದು. ಯಾಕೆ? ಬೇರಿಗೆ ನೆಲ ಬೇಕು, ತಲೆಗೆ ಬೆಳಕು ಬೇಕು. ಮೇಲೆ ಆಕಾಶ ಎಷ್ಟು ಎತ್ತರ ಉಂಟು ಅಂತ ನಾವು ಲೆಕ್ಕ ಹಾಕುವುದಿಲ್ಲ.

ಹೆಚ್ಚಿನ ಸಿಕ್ಲಿಡ್‌ಗಳು ನೆಲದ ಮೀನು. ಒಂದು ಕಲ್ಲು, ಒಂದು ಗುಂಡಿ, ಒಂದು ಮರದ ತುಂಡು ತನ್ನದು ಅಂತ ಇಟ್ಟುಕೊಂಡು ಅದರ ಸುತ್ತ ಗಡಿ ಹಾಕ್ತಾವೆ. ನಮ್ಮಲ್ಲಿ ಅಗಳಿಗೆ, ಬೇಲಿಗೆ ಆಗುವ ಜಗಳದ ಹಾಗೆಯೇ ಅದು. ಗಡಿ ಬೀಳುವುದು ನೆಲದ ಮೇಲೆ, ನೀರಿನ ಎತ್ತರದಲ್ಲಿ ಅಲ್ಲ.

ಒಂದು ಲೆಕ್ಕ ನೋಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು. ಈಗ ಅಂಗಡಿಯಲ್ಲಿ ಎತ್ತರದ ಟ್ಯಾಂಕ್ ಬರ್ತದಲ್ಲ, ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಎರಡೂವರೆ ಅಡಿ ಎತ್ತರ? ಅದರಲ್ಲಿ 106 ಲೀಟರ್ ನೀರು. ಹೇಳ್ಲಿಕ್ಕೆ ದೊಡ್ಡ ಟ್ಯಾಂಕ್. ಆದ್ರೆ ನೆಲ ಒಂದೂವರೆ ಚದರಡಿ ಮಾತ್ರ. ನಮ್ಮ ಹುಡುಗನ 56 ಲೀಟರಿನ ಸಣ್ಣ ಟ್ಯಾಂಕಿಗೂ ಎರಡು ಚದರಡಿ ನೆಲ ಇತ್ತು. ಅದೇ 106 ಲೀಟರನ್ನು ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ಟ್ಯಾಂಕಿಗೆ ಹಾಕಿ: ನೆಲ ಮೂರು ಚದರಡಿ, ಸಮಾ ದುಪ್ಪಟ್ಟು. ನೀರು ಅಷ್ಟೇ. ಗಾಳಿ ತಾಗುವ ಮೇಲ್ಮೈ ಕೂಡ ದುಪ್ಪಟ್ಟು, ಅಂದ್ರೆ ಕರೆಂಟು ಹೋದಾಗ ಮೀನು ಸ್ವಲ್ಪ ಹೆಚ್ಚು ಹೊತ್ತು ತಾಳ್ತದೆ. ಜೂನ್-ಜುಲೈಯಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ನಾನು ಬೇರೆ ಹೇಳಬೇಕಾ?

ಆರು ಮೂಲೆಯ ಟ್ಯಾಂಕ್, ಕಂಬದ ಹಾಗೆ ದುಂಡಗಿನದ್ದು, ಮೂಲೆಗೆ ಕೂರಿಸುವ ತ್ರಿಕೋನ, ಇವೆಲ್ಲ ಬಂದ ನೆಂಟರಿಗೆ ಚಂದ. ಏಟು ತಿಂದ ಮೀನಿಗೆ ಓಡಿ ಹೋಗ್ಲಿಕ್ಕೆ ಇನ್ನೊಂದು ತುದಿ ಅಂತ ಅದರಲ್ಲಿ ಇರುವುದಿಲ್ಲ. ಉದ್ದದ ಟ್ಯಾಂಕಿಗೆ ಎರಡು ತುದಿ ಉಂಟು. ನಡುವೆ ಒಂದು ಕಲ್ಲಿನ ರಾಶಿ ಇಟ್ರೆ ಈ ತುದಿಯವನಿಗೆ ಆ ತುದಿಯವನು ಕಾಣುವುದೇ ಇಲ್ಲ. ಕಾಣದಿದ್ರೆ ಅರ್ಧ ಜಗಳ ಇಲ್ಲ. ಅಡಗ್ಲಿಕ್ಕೆ ತೆಂಗಿನ ಗೆರಟೆ ಇಡಿ, ಅಂಚಲ್ಲಿ ಎರಡು ಬೆರಳು ಹೋಗುವಷ್ಟು ಬಾಯಿ ಕೊರೆದು ಬೋರಲು ಹಾಕಿ. ಅಂಗಡಿಯ ಪ್ಲಾಸ್ಟಿಕ್ ಕೋಟೆಗೆ ದುಡ್ಡು ಕೊಡಬೇಡಿ. ಗೆರಟೆಯನ್ನು ನಾರು ಕೆರೆದು, ಎರಡು ಮೂರು ಸಲ ಕುದಿಸಿ ನೀರು ಚೆಲ್ಲಿ ಇಡಬೇಕು, ಇಲ್ಲದಿದ್ರೆ ನೀರು ಚಹಾದ ಬಣ್ಣ ಆಗ್ತದೆ.

ಎತ್ತರ ಬೇಕಾದ ಸಿಕ್ಲಿಡ್ ಒಂದೆರಡು ಉಂಟು, ಏಂಜಲ್ ಮತ್ತು ಡಿಸ್ಕಸ್. ಏಂಜಲಿನ ರೆಕ್ಕೆ ತುದಿಯಿಂದ ತುದಿಗೆ ಒಂದು ಗೇಣು ಆಗ್ತದೆ, ಅದಕ್ಕೆ ಒಂದೂವರೆಯಿಂದ ಎರಡಡಿ ಎತ್ತರ ಸಮ. ಆದ್ರೆ ಅದಕ್ಕೂ ಮೂರಡಿ ಉದ್ದ ಇರ್ಲಿ. ಐದಾರು ಮರಿ ತಂದು, ಜೋಡಿ ಆದದ್ದನ್ನು ಇಟ್ಟು ಉಳಿದದ್ದನ್ನು ಬೇರೆಯವರಿಗೆ ಕೊಡುವುದು ಕ್ರಮ. ಒಟ್ಟಿಗೆ ಸಣ್ಣ ಗಪ್ಪಿ, ನಿಯಾನ್ ಹಾಕಿದ್ರೆ ಅದು ಊಟ ಅಂತ ಲೆಕ್ಕ.

ಇನ್ನು ನೀರು. ಈ ವಿಷಯದಲ್ಲಿ ನಾವು ಕೃಷಿಕರು ಪೇಟೆಯವರಿಗಿಂತ ಮುಂದೆ, ಯಾಕೆಂದ್ರೆ ನಮ್ಮ ಮಣ್ಣಿನ ಹುಳಿ ನಮಗೆ ಗೊತ್ತು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪ್ರತಿ ಸಲ "ಸುಣ್ಣ ಹಾಕಿ" ಅಂತ ಬರುವುದು ಯಾಕೆ? ಮುರಕಲ್ಲಿನ ನೆಲ, ಜೋರು ಮಳೆ, ಸುಣ್ಣದ ಅಂಶವೆಲ್ಲ ತೊಳೆದು ಹೋಗಿದೆ. ಬಾವಿಯ ನೀರೂ ಹಾಗೆಯೇ, ಮೃದು, ಹುಳಿ ಕಡೆಗೆ. ಪರೀಕ್ಷೆ ಮಾಡ್ಲಿಕ್ಕೆ ಕಿಟ್ ಇಲ್ಲದಿದ್ರೆ ಸ್ನಾನದ ನೀರಿನ ಹಂಡೆಯ ಒಳಗೆ ಕೈ ಹಾಕಿ ನೋಡಿ. ವರ್ಷಗಟ್ಟಲೆ ಕಾಯಿಸಿದ್ರೂ ಬಿಳಿ ಪದರ ಕಟ್ಟಿಲ್ಲ ಅಂದ್ರೆ ನಿಮ್ಮದು ಮೃದು ನೀರು.

ಮೃದು ನೀರು ದಕ್ಷಿಣ ಅಮೆರಿಕದ ಮೀನಿಗೆ ಹೇಳಿ ಮಾಡಿಸಿದ್ದು. ಏಂಜಲ್, ಡಿಸ್ಕಸ್, ಸಣ್ಣ ರಾಮ್, ಎಲ್ಲ ಆ ಕಡೆಯವು. ಕಾರ್ಕಳ, ಹಿರಿಯಡ್ಕ ಕಡೆಯ ಬಾವಿಯವರು ಕಣ್ಣು ಮುಚ್ಚಿ ಇವುಗಳಲ್ಲಿ ಒಂದನ್ನು ತನ್ನಿ. ನಮ್ಮ ಹವೆಗೆ ಹೀಟರ್ ಕೂಡ ಬೇಡ, ಡಿಸ್ಕಸ್ ಬಿಟ್ಟು. ಆದ್ರೆ ಈಗ ಫ್ಯಾಶನ್ ಇರುವುದು ಮಲಾವಿ ಸರೋವರದ ಹಳದಿ-ನೀಲಿ ಆಫ್ರಿಕನ್ ಮೀನು. ಆ ಸರೋವರದ ನೀರು ಗಡಸು, ಪಿಹೆಚ್ 8ರ ಹತ್ರ. ನಮ್ಮ ಬಾವಿ ನೀರಲ್ಲಿ ಅವು ಬಣ್ಣ ಕಳಕೊಂಡು ಮುದುಡ್ತಾವೆ. ಬೇಕೇ ಬೇಕು ಅಂದ್ರೆ ಮರುವಾಯಿ ಚಿಪ್ಪು ತೊಳೆದು, ಬಿಸಿಲಿಗೆ ಒಣಗಿಸಿ, ಪುಡಿಗಟ್ಟಿ ಫಿಲ್ಟರಿನೊಳಗೆ ಒಂದು ಚೀಲ ಇಡಿ. ನಿಧಾನಕ್ಕೆ ಕರಗಿ ನೀರನ್ನು ಗಡಸು ಮಾಡ್ತದೆ. ನಮ್ಮ ಸ್ವರ್ಣಾ ಹೊಳೆ ಬದಿಯವರಿಗೆ ಮರುವಾಯಿ ಚಿಪ್ಪಿಗೆ ಬರ ಇಲ್ಲ. ದಯವಿಟ್ಟು ತೋಟಕ್ಕೆ ತಂದ ಸುಟ್ಟ ಸುಣ್ಣ ಹಾಕಬೇಡಿ, ಒಂದು ಚಿಟಿಕೆಗೆ ಪಿಹೆಚ್ ಎದ್ದು ಬಿದ್ದು ಎಲ್ಲ ಮೀನು ಲಗಾಡಿ.

ಇನ್ನೊಂದು, ನಮ್ಮಂಥವರ ಮನೆಗೆ ಮಾತ್ರ ಇರುವ ಅಪಾಯ. ಬೋರ್ಡೋ ಕಲಸಿದ ಬಕೆಟು, ಪೈಪು, ಕೋಲು, ಯಾವುದನ್ನೂ ಟ್ಯಾಂಕಿನ ಹತ್ರ ತರಬಾರದು. ಮದ್ದು ಬಿಟ್ಟು ಬಂದ ಕೈಯನ್ನು ಸಾಬೂನಲ್ಲಿ ತೊಳೆಯದೆ ಟ್ಯಾಂಕಿಗೆ ಹಾಕಬಾರದು. ಮೈಲುತುತ್ತದ ತಾಮ್ರ ಮೀನಿಗೆ ವಿಷ, ಅದರಲ್ಲೂ ನಮ್ಮ ಮೃದು ನೀರಲ್ಲಿ ಅದರ ಏಟು ಇನ್ನೂ ಹೆಚ್ಚು. ಟ್ಯಾಂಕಿಗೆ ಅಂತಲೇ ಒಂದು ಬಕೆಟು ಬೇರೆ ಇಡಿ, ಮೇಲೆ ಬರೆದಿಡಿ.

ಹೊಸ ಟ್ಯಾಂಕಿಗೆ ಅವತ್ತೇ ಮೀನು ಹಾಕುವ ಅವಸರವೂ ಬೇಡ. ಹಟ್ಟಿಯಲ್ಲಿ ಮೂಗಿಗೆ ಹೊಡೆಯುತ್ತದಲ್ಲ, ಆ ಅಮೋನಿಯಾವೇ ಮೀನಿನ ಹೇಲಿಂದಲೂ ಬರುವುದು. ಅದನ್ನು ನೈಟ್ರೈಟ್, ಅಲ್ಲಿಂದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಲ್ಲಿ ಬೆಳೀಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ಯೂರಿಯಾ ಮಣ್ಣಲ್ಲಿ ಗಿಡಕ್ಕೆ ಸಿಗುವ ಹಾಗೆ ಆಗುವ ದಾರಿಯೂ ಇದೇ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ. ಆ ನೀರು ನಮ್ಮ ಬಸಳೆ ಚಪ್ಪರದ ಬುಡಕ್ಕೆ ಹೋಗ್ತದೆ. ಬಸಳೆ ಹೇಗೆ ಬಂದಿದೆ ಅಂತ ಬಂದು ನೋಡಿ.

ಯಾವ ಟ್ಯಾಂಕಿಗೆ ಯಾವ ಮೀನು ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟು. ಎರಡಡಿ-ಒಂದಡಿ ನೆಲ ಇದ್ರೆ ಒಂದೇ ಒಂದು ಜೋಡಿ ರಾಮ್, ಇಲ್ಲವೇ ಒಂದು ಜೋಡಿ ಕ್ರಿಬೆನ್ಸಿಸ್, ಮತ್ತೆ ಬೇರೆ ಸಿಕ್ಲಿಡ್ ಬೇಡ. ಕ್ರಿಬೆನ್ಸಿಸ್ ಆಫ್ರಿಕಾದ್ದೇ ಆದ್ರೂ ಪಶ್ಚಿಮದ ನದಿಗಳದ್ದು, ಮಲಾವಿಯ ಹಾಗೆ ಗಡಸು ನೀರು ಕೇಳುವುದಿಲ್ಲ. ಗೆರಟೆಯೊಳಗೆ ಮೊಟ್ಟೆ ಇಡ್ತದೆ, ಹೆಣ್ಣಿನ ಹೊಟ್ಟೆ ಮೊಟ್ಟೆಯ ಕಾಲಕ್ಕೆ ನೇರಳೆ-ಕೆಂಪು ಆಗುವುದು ನೋಡ್ಲಿಕ್ಕೆ ಚಂದ. ಮೂರಡಿ-ಒಂದೂವರೆ ಅಡಿ ನೆಲ ಅಂದ್ರೆ ನಾಲ್ಕೂವರೆ ಚದರಡಿ, ಅದಕ್ಕೆ ಏಂಜಲ್, ಅಥವಾ ಕೆಳಗೆ ಹೇಳುವ ನಮ್ಮದೇ ಮೀನು. ಮಲಾವಿ ಮೀನಿಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲದಿಂದ ಕೆಳಗೆ ಯೋಚನೆಯೇ ಬೇಡ. ಅದರ ಲೆಕ್ಕ ಸ್ವಲ್ಪ ಉಲ್ಟಾ: ಎರಡು ಮೂರು ಮೀನು ಇಟ್ರೆ ಬಲ ಇದ್ದದ್ದು ಇಲ್ಲದ್ದನ್ನು ಕೊಲ್ತದೆ, ಹತ್ತು ಹನ್ನೆರಡು ಇದ್ರೆ ಏಟು ಹಂಚಿ ಹೋಗ್ತದೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಬೇಕು. ಆಸ್ಕರ್ ಒಂದಡಿ ಉದ್ದ ಬೆಳೆಯುವ ಮೀನು, ಒಂದಡಿ ಅಗಲದ ಟ್ಯಾಂಕಲ್ಲಿ ಅದು ತಿರುಗುವುದು ಹೇಗೆ ಹೇಳಿ. ಐದಡಿ ಉದ್ದ, ಎರಡಡಿ ಅಗಲ ಇಲ್ಲದವರು ಅದನ್ನು ಮನೆಗೆ ತರಬಾರದು. ಫ್ಲವರ್‌ಹಾರ್ನ್ ಅಂತೂ ಯಾವ ಹೊಳೆಯದ್ದೂ ಅಲ್ಲ, ಮಲೇಷ್ಯಾದಲ್ಲಿ ಮನುಷ್ಯರು ಬೆರಕೆ ಮಾಡಿ ತಂದದ್ದು. ಅದು ಒಂಟಿ, ನಾಲ್ಕಡಿ ಟ್ಯಾಂಕಲ್ಲೂ ಒಂಟಿ. ಭಾಗ್ಯ ತರ್ತದೆ ಅಂತ ತಂದವರಿಗೆ ನಾನು ಏನೂ ಹೇಳುವುದಿಲ್ಲ.

ಭಾರದ ಒಂದು ಮಾತು ಬಿಟ್ಟು ಹೋಯ್ತು. ಮೂರಡಿ, ಒಂದೂವರೆ, ಒಂದೂವರೆ ಟ್ಯಾಂಕಲ್ಲಿ 190 ಲೀಟರ್. ಗಾಜು, ಹೊಯ್ಗೆ, ಕಲ್ಲು ಸೇರಿ ಎರಡು ಕ್ವಿಂಟಾಲ್ ಮೀರಿತು. ಐವತ್ತು ಕಿಲೋದ ನಾಲ್ಕು ಮೂಟೆ ಅಕ್ಕಿಯನ್ನು ನಿಮ್ಮ ಟೀವಿ ಮೇಜಿನ ಮೇಲೆ ಇಡ್ತೀರಾ? ಇಡುವುದಿಲ್ಲ ಅಂತಾದ್ರೆ ಟ್ಯಾಂಕನ್ನೂ ಇಡಬೇಡಿ.

ಈಗ ನಮ್ಮದೇ ಮೀನು. ಸಿಕ್ಲಿಡ್ ಅಂದ್ರೆ ಫಾರಿನ್ ಅಂತ ಎಲ್ಲರ ತಲೆಯಲ್ಲಿ ಉಂಟು. ಭಾರತದ್ದೇ ಆದ ಸಿಕ್ಲಿಡ್ ಮೂರು ಉಂಟು, ಮೂರೂ ನಮ್ಮ ಕಡೆಯಲ್ಲೇ. ಒಂದು ಕರಿಮೀನು. ನಾವು ಬಾಳೆಲೆಯಲ್ಲಿ ಸುತ್ತಿ, ಮಸಾಲೆ ಹಾಕಿ ತಿನ್ನುವ ಕರಿಮೀನೇ, ಕೇರಳದವರು 2010ರಲ್ಲಿ ತಮ್ಮ ರಾಜ್ಯದ ಮೀನು ಅಂತ ಮಾಡಿಕೊಂಡದ್ದು. ಇದರ ಮರಿ ಅಕ್ವೇರಿಯಂ ಅಂಗಡಿಗೂ ಬರ್ತದೆ, ಆದ್ರೆ ಅಂಗೈಗಿಂತ ದೊಡ್ಡದಾಗುವ ಮೀನು, ಮನೆಯ ಟ್ಯಾಂಕಿಗಿಂತ ಉಪ್ಪುನೀರಿನ ಹೊಂಡಕ್ಕೆ, ಅಲ್ಲಿಂದ ಕಾವಲಿಗೆ ಲಾಯಕ್ಕು.

ಎರಡನೆಯದು ಆರೆಂಜ್ ಕ್ರೊಮೈಡ್, ಕೇರಳದಲ್ಲಿ ಪಲ್ಲತ್ತಿ ಅಂತಾರೆ. ಮೂರು ಇಂಚು ಬೆಳೆಯುವ ಹಳದಿ-ಕಿತ್ತಳೆ ಬಣ್ಣದ ಮೀನು. ಗುಂಪಲ್ಲಿ ಇರ್ತದೆ, ಸಾಧು, ಮೊಟ್ಟೆಯ ಕಾಲದಲ್ಲಿ ಮಾತ್ರ ಸ್ವಲ್ಪ ಗುರ್ ಅಂತದೆ. ತಂದೆ-ತಾಯಿ ಇಬ್ಬರೂ ಮರಿ ಕಾಯ್ತಾವೆ, ಮರಿಗಳು ತಂದೆ-ತಾಯಿಯ ಮೈಯ ಲೋಳೆಯನ್ನೇ ನೆಕ್ಕಿ ಬೆಳೀತಾವೆ. ಹಿನ್ನೀರಲ್ಲಿ ಇದು ಕರಿಮೀನಿನ ಮೈಯಿಂದ ಹುಳ-ಹುಪ್ಪಟೆ ಹೆಕ್ಕಿ ಚೊಕ್ಕ ಮಾಡ್ತದೆ, ಸಮಯ ಸಿಕ್ಕಿದ್ರೆ ಅದರ ಮೊಟ್ಟೆಯನ್ನೂ ತಿಂತದೆ. ನೆರೆಕರೆ ಅಂದ್ರೆ ಹಾಗೆಯೇ ಅಲ್ವಾ! ಸ್ವಲ್ಪ ಉಪ್ಪು ಇರುವ ನೀರು ಇದಕ್ಕೆ ಇಷ್ಟ. ಕೆಮ್ಮಣ್ಣು, ಉಪ್ಪೂರು, ಕಾಪು ಕರಾವಳಿ ಬದಿಯಲ್ಲಿ ಏಪ್ರಿಲ್ ಬಂತು ಅಂದ್ರೆ ಬಾವಿ ನೀರು ಬಾಯಿಗೆ ಉಪ್ಪು ತಾಗ್ತದಲ್ಲ, ಗದ್ದೆಗೆ ಶಾಪ ಆದ ಆ ನೀರು ಈ ಮೀನಿಗೆ ಒಗ್ಗುತ್ತದೆ. ಆ ಕಡೆಯವರು ರಾಮ್, ಡಿಸ್ಕಸ್ ತಂದು ಕೊಂದು ದುಡ್ಡು ಹಾಳು ಮಾಡುವ ಬದಲು ಇದನ್ನು ಸಾಕಿ ಅಂತ ನನ್ನ ಅಭಿಪ್ರಾಯ.

ಮೂರನೆಯದು ನಮ್ಮ ಹೆಸರಿಂದಲೇ ಇರುವ ಮೀನು, ಎಟ್ರೋಪ್ಲಸ್ ಕ್ಯಾನರೆನ್ಸಿಸ್. ಕೆನರಾದ ಮೀನು ಅಂತ ಅರ್ಥ. ಫ್ರಾನ್ಸಿಸ್ ಡೇ ಎನ್ನುವ ಬ್ರಿಟಿಷ್ ಮೀನು ತಜ್ಞ 1877ರಲ್ಲಿ ಹೆಸರಿಟ್ಟದ್ದು. ಸಿಹಿನೀರಿನ ಮೀನು, ನೇತ್ರಾವತಿ, ಕುಮಾರಧಾರಾ ಹೊಳೆಗಳಲ್ಲಿ ಇರುವಂಥದ್ದು, ಪ್ರಪಂಚದಲ್ಲಿ ನಮ್ಮ ಈ ಕರಾವಳಿ ಸೀಮೆಯ ಹೊಳೆ ಬಿಟ್ಟು ಬೇರೆಲ್ಲೂ ಇಲ್ಲ. ಅಳಿವಿನ ಅಂಚಿನ ಪಟ್ಟಿಗೆ ಸೇರಿದೆ. ಬಣ್ಣದ ಮೀನಿನ ವ್ಯಾಪಾರಕ್ಕೆ ಅಂತ ಇದನ್ನು ಹೊಳೆಯಿಂದ ಹಿಡಿಯುವುದೂ ಉಂಟು. ಯಾರಾದ್ರೂ ತಂದು ಕೊಟ್ರೂ ತೆಗೊಳ್ಳಬೇಡಿ. ಅದು ಹೊಳೆಯಲ್ಲೇ ಇರ್ಲಿ.

ಅಳಿಯನ ಆಸ್ಕರನ್ನು ಹೊಳೆಗೆ ಬಿಡದೆ ಇದ್ದದ್ದು ಇದಕ್ಕೆ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ, ನಮ್ಮ ಜಿಲೇಬಿ ಮೀನು, ಅದೂ ಸಿಕ್ಲಿಡ್ಡೇ. ಹೆಣ್ಣು ಮೊಟ್ಟೆ-ಮರಿಯನ್ನು ಬಾಯಲ್ಲೇ ಇಟ್ಟು ಕಾಯ್ತದೆ, ಹಾಗಾಗಿ ಎಲ್ಲಿ ಬಿಟ್ರೂ ಊರು ಹಿಡೀತದೆ. ಈಗ ಯಾವ ಕೆರೆಗೆ ಗಾಳ ಹಾಕಿದ್ರೂ ಅದೇ ಬರುವುದು. ಅದನ್ನು ಆಹಾರ ಅಂತ ಯೋಚಿಸಿ ತಂದದ್ದು. ನಾವು ಬಿಡುವುದು ಬರೀ ಬೇಡ ಆಯ್ತು ಅಂತ. ತೋಡಿಗೆ ಬಿಟ್ಟದ್ದು ಮಳೆಗಾಲದಲ್ಲಿ ತೋಡಲ್ಲೇ ನಿಲ್ಲುವುದಿಲ್ಲ, ಸ್ವರ್ಣೆಗೆ ಹೋಗ್ತದೆ. ನಾನು ಮೊದಲು ತೋಟದ ಸಿಮೆಂಟ್ ಟಾಂಕಿಗೆ ಹಾಕುವ ಅಂದುಕೊಂಡೆ, ಆಮೇಲೆ ಹೋದ ಜುಲೈಯಲ್ಲಿ ಅದು ತುಂಬಿ ಹರಿದದ್ದು ನೆನಪಾಗಿ ಬಿಟ್ಟೆ. ಮೂರು ವಾರ ಫೋನ್ ಮಾಡಿ ಮಾಡಿ, ಕಾರ್ಕಳ ಕಡೆ ಆರಡಿ ಟ್ಯಾಂಕ್ ಇರುವ ಒಬ್ಬರು ಸಿಕ್ಕಿದ್ರು. ಬಸ್ಸಲ್ಲಿ ಬಕೆಟು ಹಿಡ್ಕೊಂಡು ಹೋದೆವು. ಕಂಡಕ್ಟರ್ ಬಕೆಟಿಗೆ ಟಿಕೆಟ್ ಕೇಳ್ಲಿಲ್ಲ, "ಇದು ಎಂತ ಮೀನು ಮಾರ್ರೆ, ಪದಾರ್ಥ ಮಾಡ್ಲಿಕ್ಕೆ ಆಗ್ತದಾ" ಅಂತ ಮಾತ್ರ ಕೇಳಿದ. ಹುಡುಗ ಕಾರ್ಕಳ ತಲುಪುವವರೆಗೆ ಅವನ ಹತ್ರ ಮಾತಾಡ್ಲಿಲ್ಲ.

ಈಗ ಅವನ ಹತ್ರ ಮೂರಡಿ ಟ್ಯಾಂಕ್ ಉಂಟು, ಆರು ಆರೆಂಜ್ ಕ್ರೊಮೈಡ್, ಎಲ್ಲ ಸಾಕಿ ಮರಿ ಮಾಡಿದವು. ನಮ್ಮ ಬಾವಿ ನೀರು, ಒಂದು ಚೀಲ ಮರುವಾಯಿ ಚಿಪ್ಪು, ಸ್ವಲ್ಪ ಕಲ್ಲುಪ್ಪು, ನಾಲ್ಕು ಗೆರಟೆ. ಹೋದ ವಾರ ಒಂದು ಜೋಡಿ ಗೆರಟೆಯ ಬದಿಗೆ ಮೊಟ್ಟೆ ಅಂಟಿಸಿದೆ, ಉಳಿದ ನಾಲ್ಕು ಆ ಬದಿಯ ತುದಿಯಲ್ಲಿ ಉಂಟು, ರೆಕ್ಕೆ ಎಲ್ಲ ಸರಿಯಾಗಿ ಉಂಟು. ಟ್ಯಾಂಕ್ ತೆಗೊಳ್ಳುವ ಯೋಚನೆ ಇದ್ದವರು ಮೊದಲು ಇಡುವ ಜಾಗದ ಉದ್ದ-ಅಗಲ ಅಳೆದು, ಬಾಟ್ಲಿಯಲ್ಲಿ ನಿಮ್ಮ ಬಾವಿ ನೀರು ತುಂಬಿಸಿಕೊಂಡು ಮನೆಗೆ ಬನ್ನಿ, ಪಿಹೆಚ್ ನೋಡುವ ಕಿಟ್ ಅಳಿಯನ ಹತ್ರ ಉಂಟು. ಈಗಾಗಲೇ ಟ್ಯಾಂಕ್ ಇದ್ದು ಬೇಡದ ಮೀನು ಇರುವವರು ಕಮೆಂಟಲ್ಲಿ ಹಾಕಿ, ಜಾಗ ಇದ್ದವರನ್ನು ಒಟ್ಟಿಗೆ ಹುಡುಕುವ. ಗೆರಟೆ ನನ್ನ ಹತ್ರ ಬೇಕಾದಷ್ಟು ಉಂಟು.